ಆ್ಯಪ್‌ನಲ್ಲಿ ನೆನಪಿರುವ ಇಂಗ್ಲಿಷ್ ಪದಗಳು ಬರೆಯುವಾಗ ಯಾಕೆ ಕೈಕೊಡುತ್ತವೆ?

ಅರ್ಧಓದು ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಇಂಗ್ಲಿಷ್ ತೀರಾ ಕೆಟ್ಟದಾಗೇನಿಲ್ಲ. ಪತ್ರಿಕೆ ಓದುತ್ತೇನೆ, ಸಬ್‌ಟೈಟಲ್ ಇಲ್ಲದೆ ಸಿನಿಮಾ ನೋಡುತ್ತೇನೆ, ಕೆಲಸದ ಮೇಲ್‌ಗಳನ್ನೆಲ್ಲ ಇಂಗ್ಲಿಷಿನಲ್ಲೇ ಬರೆಯುತ್ತೇನೆ. ಪರೀಕ್ಷೆಯೊಂದರಲ್ಲಿ ಬಿ2 ಮಟ್ಟ ಅಂತ ಬಂತು (ಭಾಷೆ ಎಷ್ಟು ಬರುತ್ತದೆ ಅಂತ ಎ1ರಿಂದ ಸಿ2ವರೆಗೆ ಅಳೆಯುವ ಯುರೋಪಿನ ಅಳತೆ ಅದು). ಸಿ1ಗೆ ಏರಬೇಕು ಅನ್ನೋದು ಆಸೆ.

ತೊಂದರೆ ಏನೆಂದರೆ, ಬರೆಯುವಾಗ ಅದೇ ಹತ್ತಿಪ್ಪತ್ತು ಪದಗಳಲ್ಲೇ ಸುತ್ತುತ್ತಿರುತ್ತೇನೆ. ಗುಡ್, ಇಂಪಾರ್ಟೆಂಟ್, ಪ್ರಾಬ್ಲಮ್, ವೆರಿ, ಎ ಲಾಟ್. ಅದಕ್ಕೇ "ಅಡ್ವಾನ್ಸ್ಡ್ ವೊಕ್ಯಾಬುಲರಿ" ಅಂತ ಸಿಗುವ ಪಟ್ಟಿಗಳನ್ನು ಆ್ಯಪ್‌ಗೆ ಹಾಕಿಕೊಂಡು ಕಲಿಯುತ್ತಿದ್ದೇನೆ. ಕಾರ್ಡಿನ ಒಂದು ಕಡೆ ಪದ, ಹಿಂದುಗಡೆ ಅರ್ಥ. ವಿಷಯವಾರು ಗುಂಪು ಮಾಡಿದ್ದೇನೆ. ಒಂದು ದಿನ "ಕಡಿಮೆ ಮಾಡು" ಅನ್ನುವ ಅರ್ಥದ ಪದಗಳೆಲ್ಲ, ಇನ್ನೊಂದು ದಿನ "ಕೋಪ"ಕ್ಕೆ ಸಂಬಂಧಿಸಿದ್ದೆಲ್ಲ. ಆ್ಯಪ್ ಕೇಳಿದರೆ ಥಟ್ಟನೆ ಹೇಳುತ್ತೇನೆ. ಬರೆಯಲು ಕೂತರೆ ಒಂದೂ ಬರೋದಿಲ್ಲ. ಬಲವಂತವಾಗಿ ತುರುಕಿದರೆ ಓದಿದವರು ಮುಖ ಹುಳ್ಳಗೆ ಮಾಡುತ್ತಾರೆ. ಏನು ತಪ್ಪು ಅಂತ ಕೇಳಿದರೆ ಅವರಿಗೂ ಹೇಳಲು ಆಗೋದಿಲ್ಲ.

ಈಚೆಗೆ ಬರೆದ ಮೂರು ಸಾಲು ಇಲ್ಲಿ ಹಾಕಿದ್ದೇನೆ. ವ್ಯಾಕರಣ ಸರಿ ಇದೆ ಅಂತ ಸಾಫ್ಟ್‌ವೇರ್ ಹೇಳಿದೆ.

"ದಿ ನ್ಯೂ ರೂಲ್ ಹ್ಯಾಸ್ ಕಾಸ್ಡ್ ಮೆನಿ ಇಂಪ್ರೂವ್‌ಮೆಂಟ್ಸ್. ದಿ ಸ್ಟಾಫ್ ಆರ್ ಅಟರ್ಲಿ ಹ್ಯಾಪಿ. ನೌ ವಿ ಮಸ್ಟ್ ಅಮೀಲಿಯರೇಟ್ ದಿ ಡಿಲೇ."

ಇದರಲ್ಲಿ ಏನು ಸರಿಯಿಲ್ಲ? ಇನ್ನು ಮುಂದೆ ಯಾವ ಪಟ್ಟಿ ಹಿಡಿಯಲಿ?

ಬೇರುಬಿಳಲು

ಪಟ್ಟಿ ಬಿಡಿ, ಬೇರು ಹಿಡಿಯಿರಿ. ಇಂಗ್ಲಿಷಿನ ದೊಡ್ಡ ಪದಗಳಲ್ಲಿ ಬಹುಪಾಲು ಲ್ಯಾಟಿನ್, ಗ್ರೀಕ್ ಮೂಲದವು. "ಸ್ಪೆಕ್ಟ್" ಅಂದರೆ ನೋಡು. ಇನ್‌ಸ್ಪೆಕ್ಟ್ ಅಂದರೆ ಒಳಹೊಕ್ಕು ನೋಡು, ರೆಟ್ರೊಸ್ಪೆಕ್ಟ್ ಅಂದರೆ ಹಿಂದಿರುಗಿ ನೋಡೋದು, ಸರ್ಕಮ್‌ಸ್ಪೆಕ್ಟ್ ಅಂದರೆ ಸುತ್ತಲೂ ನೋಡಿ ಹೆಜ್ಜೆ ಇಡುವ, ಅಂದರೆ ಹುಷಾರಾದ. "ಡಿಕ್ಟ್" ಅಂದರೆ ಹೇಳು. ಪ್ರಿಡಿಕ್ಟ್, ಕಾಂಟ್ರಡಿಕ್ಟ್, ವರ್ಡಿಕ್ಟ್ ಎಲ್ಲ ಅದೇ ಮನೆತನ. "ಬೆನೆ" ಒಳ್ಳೆಯದು, "ಮ್ಯಾಲ್" ಕೆಟ್ಟದ್ದು, ಬೆನೆವಲೆಂಟ್ ಮತ್ತು ಮಲೆವಲೆಂಟ್ ಎರಡೂ ಒಟ್ಟಿಗೆ ಸಿಕ್ಕವು. ಒಂದು ಬೇರಿಗೆ ಹತ್ತು ಪದ ಉಚಿತ. ಬಾಯಿಪಾಠ ಮಾಡುವ ಕಷ್ಟವೇ ಇಲ್ಲ.

ಕೆಂಪುಪೆನ್ನು

ಬೇರೆಯವರು ಬರೆದ ಇಂಗ್ಲಿಷ್ ವರದಿಗಳನ್ನು ತಿದ್ದೋದು ನನ್ನ ಹೊಟ್ಟೆಪಾಡು. ಹಾಗಾಗಿ ನಿಮ್ಮ ಮೂರು ಸಾಲು ನೋಡಿದ ಕೂಡಲೇ ಕೈ ತುರಿಸಿತು. ಮೊದಲು ಅದನ್ನು ತಿದ್ದುತ್ತೇನೆ, ಪಟ್ಟಿಯ ಮಾತು ಆಮೇಲೆ.

ಮೊದಲ ಸಾಲು. "ಕಾಸ್" ಅಂದರೆ ಉಂಟುಮಾಡು. ಅರ್ಥದ ಪ್ರಕಾರ ತಪ್ಪಿಲ್ಲ. ಆದರೆ ಇಂಗ್ಲಿಷಿನಲ್ಲಿ ಈ ಪದದ ಹಿಂದೆ ಬರುವವರು ಯಾರು ನೋಡಿ: ಪ್ರಾಬ್ಲಮ್, ಡ್ಯಾಮೇಜ್, ಡೆತ್, ಪೇನ್, ಕನ್‌ಫ್ಯೂಷನ್. ಹೆಚ್ಚುಕಮ್ಮಿ ಎಲ್ಲ ಕೆಟ್ಟ ಸುದ್ದಿಯೇ. ಅದರ ಪಕ್ಕ ಇಂಪ್ರೂವ್‌ಮೆಂಟ್ ಕೂರಿಸಿದರೆ, ಸುಧಾರಣೆ ಏನೋ ರೋಗದ ಹಾಗೆ ಬಂದು ಬಡಿಯಿತು ಅನ್ನುವ ಧ್ವನಿ ಬರುತ್ತದೆ. "ಲೆಡ್ ಟು" ಅಥವಾ "ಬ್ರಾಟ್ ಅಬೌಟ್" ಹಾಕಿ.

ಎರಡನೆಯದು. "ಅಟರ್ಲಿ" ಅಂದರೆ ಸಂಪೂರ್ಣವಾಗಿ, ಸರಿ. ಆದರೆ ಅದು ರಿಡಿಕ್ಯುಲಸ್, ಯೂಸ್‌ಲೆಸ್, ಇಂಪಾಸಿಬಲ್, ಎಕ್ಸಾಸ್ಟೆಡ್ ಇವರ ಜೊತೆ ತಿರುಗುವ ಪದ. ಅಟರ್ಲಿ ಡಿಲೈಟ್‌ಫುಲ್ ಅಂತ ಅಲ್ಲೊಂದು ಇಲ್ಲೊಂದು ಸಿಗುತ್ತದೆ, ಇಲ್ಲ ಅನ್ನೋದಿಲ್ಲ. ಹ್ಯಾಪಿ ಜೊತೆ ಮಾತ್ರ ಅದು ಒಗ್ಗೋದಿಲ್ಲ. ವರದಿಯಾದರೆ "ಲಾರ್ಜ್‌ಲಿ ಸ್ಯಾಟಿಸ್ಫೈಡ್" ಸಾಕು. ಸಿಬ್ಬಂದಿ ಅಷ್ಟೊಂದು ಖುಷಿಯಾಗಿದ್ದಾರೆ ಅಂದರೆ ಯಾರೂ ನಂಬೋದೂ ಇಲ್ಲ, ಅಲ್ವಾ?

ಮೂರನೆಯದು. "ಅಮೀಲಿಯರೇಟ್" ಮಾಡೋದು ಕೆಟ್ಟ ಸ್ಥಿತಿಯನ್ನು. ಕಂಡಿಷನ್ಸ್, ಸಿಚುಯೇಷನ್, ಸಫರಿಂಗ್. ಡಿಲೇ ಅನ್ನು ಉತ್ತಮಪಡಿಸಿ ಏನು ಮಾಡುತ್ತೀರಿ? ಅದನ್ನು ಕಡಿಮೆ ಮಾಡಬೇಕು. "ಕಟ್" ಅಥವಾ "ರೆಡ್ಯೂಸ್".

ಈಗ ಓದಿ ನೋಡಿ. "ದಿ ನ್ಯೂ ರೂಲ್ ಹ್ಯಾಸ್ ಲೆಡ್ ಟು ಸೆವರಲ್ ಇಂಪ್ರೂವ್‌ಮೆಂಟ್ಸ್. ದಿ ಸ್ಟಾಫ್ ಆರ್ ಲಾರ್ಜ್‌ಲಿ ಸ್ಯಾಟಿಸ್ಫೈಡ್. ವಿ ಸ್ಟಿಲ್ ನೀಡ್ ಟು ಕಟ್ ದಿ ಡಿಲೇ." ಇದರಲ್ಲಿ ನಿಮಗೆ ಗೊತ್ತಿಲ್ಲದ ಪದ ಒಂದೂ ಇಲ್ಲ. ಆದರೂ ನಿಮ್ಮ ಸಾಲಿಗಿಂತ ಇದೇ ಮೇಲಿನ ಮಟ್ಟದ್ದು. ನನ್ನ ಮೇಜಿಗೆ ಬರುವ ಕರಡುಗಳಲ್ಲೂ ಇದೇ ಕಥೆ. ಪದ ಗೊತ್ತಿಲ್ಲದೆ ಕೆಟ್ಟ ಸಾಲು ಕಡಿಮೆ. ಪದದ ಸಹವಾಸ ಗೊತ್ತಿಲ್ಲದೆ ಕೆಟ್ಟದ್ದೇ ಜಾಸ್ತಿ.

ಇದು ನನ್ನ ಸ್ವಂತ ಸಿದ್ಧಾಂತ ಅಲ್ಲ. ಪದವನ್ನು ಅದರ ಸಹವಾಸದಿಂದ ತಿಳಿಯಬೇಕು ಅಂತ ಜೆ. ಆರ್. ಫರ್ತ್ ಅನ್ನುವ ಇಂಗ್ಲಿಷ್ ಭಾಷಾಶಾಸ್ತ್ರಜ್ಞ 1957ರಲ್ಲೇ ಬರೆದರು. ಅವರ ನಂತರ ಜಾನ್ ಸಿಂಕ್ಲೇರ್ ಕಂಪ್ಯೂಟರಿಗೆ ರಾಶಿ ರಾಶಿ ಪಠ್ಯ ಹಾಕಿ ಅದನ್ನೇ ತೋರಿಸಿಕೊಟ್ಟರು. ಅವರ ಪ್ರಸಿದ್ಧ ಉದಾಹರಣೆ "ಸೆಟ್ ಇನ್". ಪುಟ್ಟ ಪದಗಳು, ಒಂದನೇ ಕ್ಲಾಸಿನವು. ಆದರೆ ಸೆಟ್ ಇನ್ ಆಗೋದು ಏನು? ರಾಟ್, ಡಿಕೇ, ಡಿಸ್ಪೇರ್. ಕೊಳೆಯೋದು, ಹದಗೆಡೋದು, ಹತಾಶೆ. ಒಳ್ಳೆಯದು ಸೆಟ್ ಇನ್ ಆಗೋದು ಅಪರೂಪ. ಇದನ್ನು ಯಾವ "ಅಡ್ವಾನ್ಸ್ಡ್" ಪಟ್ಟಿಯೂ ಹೇಳಿಕೊಡೋದಿಲ್ಲ. ಯಾಕೆಂದರೆ ಸೆಟ್ಟೂ ಇನ್ನೂ ಅಡ್ವಾನ್ಸ್ಡ್ ಆಗಿ ಕಾಣೋದಿಲ್ಲವಲ್ಲ!

ಇನ್ನು ಆ ಪಟ್ಟಿಗಳ ಜಾತಕ. ಇಂಟರ್‌ನೆಟ್ಟಿನಲ್ಲಿ ಓಡಾಡುವ ಕಷ್ಟಪದಗಳ ಪಟ್ಟಿಗಳಲ್ಲಿ ಎಷ್ಟೋ ಅಮೆರಿಕದ ಪ್ರವೇಶ ಪರೀಕ್ಷೆಗಳಿಗೆ ಮಾಡಿದವು. ಆಗ ಒಂಟಿ ಪದ ಕೊಟ್ಟು ವಿರುದ್ಧಾರ್ಥ ಕೇಳುತ್ತಿದ್ದರು. ಎಸ್‌ಎಟಿ ಪರೀಕ್ಷೆ 1994ರಲ್ಲಿ ಅಂಥ ಪ್ರಶ್ನೆ ಕೈಬಿಟ್ಟಿತು. ಜಿಆರ್‌ಇ 2011ರಲ್ಲಿ ಕೈಬಿಟ್ಟಿತು. ಪ್ರಶ್ನೆ ಹೋಯಿತು, ಪಟ್ಟಿ ಮಾತ್ರ ಊರೂರು ಸುತ್ತುತ್ತಿದೆ. ಒಂಟಿ ಪದಕ್ಕೆ ಒಂಟಿ ಅರ್ಥ ಅನ್ನುವ ನಿಮ್ಮ ಕಾರ್ಡಿನ ಮಾದರಿಯೂ ಆ ಪರೀಕ್ಷೆಗೇ ಹೇಳಿ ಮಾಡಿಸಿದ್ದು. ಬರವಣಿಗೆಗಲ್ಲ.

ಪಟ್ಟಿ ಬೇಕೇ ಬೇಕು ಅಂತಿದ್ದರೆ ಒಂದು ಹೇಳುತ್ತೇನೆ. ನ್ಯೂಜಿಲೆಂಡಿನ ಆವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್. 570 ಪದಕುಟುಂಬ (ಒಂದು ಪದ, ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ), ಅಷ್ಟೇ. ಸುಮಾರು 35 ಲಕ್ಷ ಪದಗಳ ಶೈಕ್ಷಣಿಕ ಬರಹ ಸೋಸಿ ತೆಗೆದದ್ದು. ಅಸೆಸ್, ಅಸ್ಯೂಮ್, ಡಿರೈವ್, ಇಂಡಿಕೇಟ್, ಸಿಗ್ನಿಫಿಕೆಂಟ್, ಇಂಥವೇ ಮೊದಲಿಗೆ ಬರುತ್ತವೆ. ನೋಡಿದರೆ ನಿಮಗೆ ಬೇಜಾರಾಗುತ್ತದೆ, "ಇವೆಲ್ಲ ಗೊತ್ತು" ಅನ್ನುತ್ತೀರಿ. ಗುರುತು ಸಿಗುತ್ತದೆ, ನಿಜ. ಆದರೆ ಕೊನೆಯ ಸಲ ನೀವಾಗಿ "ಡಿರೈವ್ಡ್ ಫ್ರಮ್" ಅಂತ ಬರೆದದ್ದು ಯಾವಾಗ?

ಬೇರುಬಿಳಲು ಅವರಿಗೆ ಒಂದು ಮಾತು. ಬೇರು ಒಳ್ಳೆಯದೇ. ಓದುವಾಗ ಅಪರಿಚಿತ ಪದ ಊಹಿಸಲು ಅದರಷ್ಟು ಸಹಾಯ ಇನ್ನೊಂದಿಲ್ಲ. ಬರೆಯಲು ಮಾತ್ರ ಅದನ್ನು ನಂಬಬೇಡಿ. "ಇಗ್ರೀಜಿಯಸ್" ತಗೊಳ್ಳಿ. ಲ್ಯಾಟಿನ್‌ನಲ್ಲಿ "ಗ್ರೆಕ್ಸ್" ಅಂದರೆ ಹಿಂಡು. ಹಿಂಡಿನಿಂದ ಎದ್ದು ಕಾಣುವವನು. ಹಿಂದೊಮ್ಮೆ ಇಂಗ್ಲಿಷಿನಲ್ಲೂ ಅದು ಹೊಗಳಿಕೆಯೇ ಆಗಿತ್ತು. ಇವತ್ತು ಯಾರಿಗಾದರೂ ನಿಮ್ಮ ಕೆಲಸ ಇಗ್ರೀಜಿಯಸ್ ಅಂದರೆ ಜಗಳಕ್ಕೇ ಬರುತ್ತಾರೆ. ಎದ್ದು ಕಾಣುವಷ್ಟು ಕೆಟ್ಟದ್ದು ಅಂತ ಅದರ ಈಗಿನ ಅರ್ಥ.

ಬೇರುಬಿಳಲು

ಇಗ್ರೀಜಿಯಸ್ ಒಪ್ಪಿದೆ. ಆದರೂ ನೂರಕ್ಕೊಂದು ಹೀಗೆ ಅಡ್ಡದಾರಿ ಹಿಡಿದಿದೆ ಅಂತ ಉಳಿದ ತೊಂಬತ್ತೊಂಬತ್ತನ್ನು ಬಿಡೋಕಾಗುತ್ತಾ?

ಕೆಂಪುಪೆನ್ನು

ಬಿಡಬೇಡಿ. ಓದೋಕೆ ಇಟ್ಟುಕೊಳ್ಳಿ ಅಂದೆ ಅಷ್ಟೇ.

ಕಾರ್ಡ್‌ಕಟ್ಟು

ಕೆಂಪುಪೆನ್ನು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಒಪ್ಪುತ್ತೇನೆ. ಆದರೆ ಇದನ್ನೆಲ್ಲ ಓದಿ ಅರ್ಧಓದು ಆ್ಯಪ್ ಅಳಿಸಿಬಿಟ್ಟರೆ ಕಷ್ಟ. ತೊಂದರೆ ಆ್ಯಪಿನದಲ್ಲ, ಕಾರ್ಡಿನದು.

ಹೆರ್ಮನ್ ಎಬ್ಬಿಂಗ್‌ಹೌಸ್ ಅನ್ನುವ ಜರ್ಮನ್ ಮನಃಶಾಸ್ತ್ರಜ್ಞ 1885ರಲ್ಲಿ ತನ್ನ ಮೇಲೇ ಪ್ರಯೋಗ ಮಾಡಿಕೊಂಡು ತೋರಿಸಿದ, ಕಲಿತದ್ದು ಮೊದಲ ಗಂಟೆಗಳಲ್ಲೇ ಹೆಚ್ಚು ಮರೆತುಹೋಗುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ ಅಂತ. ಅದಕ್ಕೆ ಮದ್ದು ಅಂತರ ಬಿಟ್ಟು ಮತ್ತೆ ಮತ್ತೆ ನೆನಪಿಸಿಕೊಳ್ಳೋದು. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಇದನ್ನೇ ಕಾಗದದ ಕಾರ್ಡು, ಖಾನೆಗಳಿರುವ ಡಬ್ಬಿಯಲ್ಲಿ ಮಾಡಿದ. ಸರಿ ಹೇಳಿದ ಕಾರ್ಡು ಮುಂದಿನ ಖಾನೆಗೆ, ತಪ್ಪಿದ್ದು ಮೊದಲ ಖಾನೆಗೆ ವಾಪಸ್. 2006ರಿಂದ ಇರುವ ಆಂಕಿ ಅನ್ನುವ ಕಾರ್ಡ್ ಆ್ಯಪ್ ಕೂಡ ಬುಡದಲ್ಲಿ ಇದೇ. ಲೆಕ್ಕ ಕಂಪ್ಯೂಟರ್ ಇಟ್ಟುಕೊಳ್ಳುತ್ತದೆ.

ನಿಮ್ಮ ಕಾರ್ಡು ಇಂಗ್ಲಿಷ್ ಪದ ತೋರಿಸಿ ಅರ್ಥ ಕೇಳುತ್ತದೆ. ಅಂದರೆ ದಿನಾ ಅಭ್ಯಾಸ ಆಗುತ್ತಿರೋದು ಗುರುತು ಹಿಡಿಯೋದು. ಬರೆಯುವಾಗ ಬೇಕಾಗೋದು ಅದರ ಉಲ್ಟಾ ಕೆಲಸ: ಹೇಳಬೇಕಾದ್ದು ತಲೆಯಲ್ಲಿದೆ, ಪದ ಬರಬೇಕು. ಅದನ್ನು ನೀವು ಮಾಡೇ ಇಲ್ಲ. ಬರದಿದ್ದರೆ ಆಶ್ಚರ್ಯ ಏನು? ಕಾರ್ಡನ್ನು ಖಾಲಿ ಬಿಟ್ಟ ವಾಕ್ಯ ಮಾಡಿ. ನನ್ನ ಒಂದು ಕಾರ್ಡು ಹೀಗಿದೆ:

"ದಿ ಡ್ರಗ್ ಡಿಡ್ ಲಿಟಲ್ ಟು ಎ... ಹರ್ ಪೇನ್."

ಹಿಂದುಗಡೆ: "ಅಲೀವಿಯೇಟ್". ಜೊತೆಗೆ ಸಣ್ಣದಾಗಿ: ಪಾವರ್ಟಿ, ಸಫರಿಂಗ್, ಸಿಂಪ್ಟಮ್ಸ್.

ಆ "ಎ" ಅಕ್ಷರ ಬೇಕು. ಅದಿಲ್ಲದಿದ್ದರೆ ಈಸ್ ಅಂದರೂ ಸರಿ, ರಿಲೀವ್ ಅಂದರೂ ಸರಿ, ಕಾರ್ಡಿನ ಜೊತೆ ವಾದ ಮಾಡುತ್ತಾ ಕೂರಬೇಕಾಗುತ್ತದೆ. ವಾಕ್ಯ ನೀವು ಓದಿದ ಕಡೆಯದ್ದೇ ಇರಲಿ. ಎಲ್ಲಿ ಓದಿದ್ದು ಅನ್ನೋದೂ ನೆನಪಿಗೆ ಒಂದು ಕೊಕ್ಕೆ.

ಇನ್ನೊಂದು. ಒಂದೇ ಅರ್ಥದ ಪದಗಳನ್ನು ಒಂದೇ ದಿನ ಕಲಿಯೋದನ್ನು ಇವತ್ತೇ ನಿಲ್ಲಿಸಿ. ನೋಡೋಕೆ ಅಚ್ಚುಕಟ್ಟು, ಕಲಿಯೋಕೆ ವಿಷ. ಥಾಮಸ್ ಟಿಂಕಮ್ 1993ರಲ್ಲಿ, ಆಮೇಲೆ ರಾಬ್ ವೇರಿಂಗ್ 1997ರಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಹತ್ತಿರದ ಅರ್ಥದ ಹೊಸ ಪದಗಳು ಒಟ್ಟಿಗೆ ಬಂದರೆ ಒಂದಕ್ಕೊಂದು ತೊಡರಿಕೊಳ್ಳುತ್ತವೆ, ಕಲಿಯಲು ಜಾಸ್ತಿ ಹೊತ್ತು ಬೇಕಾಗುತ್ತದೆ. ಅಲೀವಿಯೇಟ್, ಮಿಟಿಗೇಟ್, ಅಮೀಲಿಯರೇಟ್ ಮೂರನ್ನೂ ನೀವು ಒಂದೇ ದಿನ ಹಾಕಿಕೊಂಡಿರುತ್ತೀರಿ, ಬೆಟ್ ಕಟ್ಟುತ್ತೇನೆ. ಮೊದಲನೆಯದು ಗಟ್ಟಿಯಾದ ಮೇಲೆ ಎರಡನೆಯದು ತಗೊಳ್ಳಿ. ಮಿಟಿಗೇಟ್ ಬೇರೆ ಕಡೆಯವನು: ರಿಸ್ಕ್, ಇಂಪ್ಯಾಕ್ಟ್, ಎಫೆಕ್ಟ್ಸ್.

ಅರ್ಧಓದು

ಬೆಟ್ ಗೆದ್ದಿರಿ. ಮೂರೂ ಒಂದೇ ದಿನದವು, ಜೊತೆಗೆ ಅಸ್ವೇಜ್ ಕೂಡ ಇದೆ.

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಇನ್ನೂ ಕೆಲವು ಪ್ರಶ್ನೆ. ಪದದ ಸಹವಾಸ ಅಂತೀರಲ್ಲ, ಅದನ್ನು ನೋಡೋದು ಎಲ್ಲಿ? ನನ್ನ ಡಿಕ್ಷನರಿಯಲ್ಲಿ ಅರ್ಥ ಮಾತ್ರ ಇದೆ. ಎರಡನೆಯದು, ಏನು ಓದಲಿ? ಕಷ್ಟದ ಕಾದಂಬರಿ ಹಿಡಿದರೆ ಪುಟಕ್ಕೆ ಮೂವತ್ತು ಸಲ ಡಿಕ್ಷನರಿ ತೆಗೆಯಬೇಕು. ದಿನಕ್ಕೆ ಎಷ್ಟು ಪದ ಅಂತಲೂ ಹೇಳಿ.

ಕೆಂಪುಪೆನ್ನು

ಕೊನೆಯದಕ್ಕೆ ಮೊದಲು. ನಾಲ್ಕೈದು ಸಾಕು. ಮೂವತ್ತು ಹಾಕಿಕೊಂಡರೆ ಎರಡನೇ ವಾರದಲ್ಲಿ ರಿವಿಜನ್ ಗುಡ್ಡೆ ಬಿದ್ದು ಆ್ಯಪ್ ತೆರೆಯೋಕೇ ಹೆದರಿಕೆ ಆಗುತ್ತದೆ.

ಡಿಕ್ಷನರಿ ಬದಲಿಸಿ. ಕಲಿಯುವವರಿಗೆ ಅಂತಲೇ ಮಾಡಿದವು ಬೇರೆ ಇವೆ. 1978ರ ಲಾಂಗ್‌ಮನ್ ಡಿಕ್ಷನರಿ ಎಲ್ಲ ಅರ್ಥಗಳನ್ನೂ ಸುಮಾರು 2000 ಸರಳ ಪದಗಳಲ್ಲೇ ಬರೆದಿತ್ತು. ಅರ್ಥ ನೋಡಲು ಹೋಗಿ ಇನ್ನೊಂದು ಪದ ಹುಡುಕುವ ಫಜೀತಿ ಇಲ್ಲ. 1987ರಲ್ಲಿ ಕೋಬಿಲ್ಡ್ ಬಂತು, ಆಗಲೇ ಹೇಳಿದ ಸಿಂಕ್ಲೇರ್ ತಂಡದ್ದು. ಅದರಲ್ಲಿ ಅರ್ಥ ಅನ್ನೋದೇ ಪೂರ್ತಿ ವಾಕ್ಯ. ಯಾರು, ಏನನ್ನು, ಎಂಥ ಸಂದರ್ಭದಲ್ಲಿ ಅನ್ನೋದು ವಾಕ್ಯದೊಳಗೇ ಬಂದುಬಿಡುತ್ತದೆ. ಇವೆರಡರ ಹೊಸ ಆವೃತ್ತಿಗಳೂ ಆನ್‌ಲೈನ್‌ನಲ್ಲಿ ಇವೆ. ಅರ್ಥ ಓದಿ ಮುಚ್ಚಬೇಡಿ, ಕೆಳಗಿನ ಉದಾಹರಣೆಗಳಿಗೇ ಜಾಸ್ತಿ ಹೊತ್ತು ಕೊಡಿ.

ಅದಕ್ಕೂ ಮುಂದೆ ಹೋಗಬೇಕಾದರೆ ಕಾರ್ಪಸ್. ಅಂದರೆ ನಿಜವಾಗಿ ಬರೆದ, ಆಡಿದ ಇಂಗ್ಲಿಷಿನ ಸಂಗ್ರಹ. ಕೋಕಾ ಅನ್ನೋದು ಅಮೆರಿಕನ್ ಇಂಗ್ಲಿಷಿನದು, 1990ರಿಂದ 2019ರವರೆಗಿನ 100 ಕೋಟಿಗೂ ಹೆಚ್ಚು ಪದ ಅದರಲ್ಲಿದೆ. ಬ್ರಿಟಿಷ್ ನ್ಯಾಷನಲ್ ಕಾರ್ಪಸ್ 10 ಕೋಟಿ ಪದದ್ದು. ಒಂದು ಪದ ಕೊಟ್ಟರೆ ಅದರ ಎಡಬಲಕ್ಕೆ ಯಾರು ಎಷ್ಟು ಸಲ ಬಂದಿದ್ದಾರೆ ಅಂತ ತೋರಿಸುತ್ತವೆ. ತಿದ್ದುವಾಗ ಅನುಮಾನ ಬಂದರೆ ನಾನು ಹೋಗೋದೂ ಅಲ್ಲಿಗೇ. ನನ್ನ ಕಿವಿಯನ್ನು ನಾನು ಪೂರ್ತಿ ನಂಬೋದಿಲ್ಲ.

ಸಿಕ್ಕಿದ್ದನ್ನು ಬರೆದಿಡುವ ರೀತಿ ತೋರಿಸುತ್ತೇನೆ. ನನ್ನ ನೋಟ್‌ಬುಕ್ಕಿನಲ್ಲಿ "ಸ್ಕ್ರುಟಿನಿ"ಗೆ ಅರ್ಧ ಪುಟ ಇದೆ. ಅರ್ಥ ಬರೆದಿಲ್ಲ. ಎಡಗಡೆ ಕ್ರಿಯಾಪದಗಳು: ಕಮ್ ಅಂಡರ್ ಸ್ಕ್ರುಟಿನಿ, ಫೇಸ್ ಸ್ಕ್ರುಟಿನಿ, ವಿತ್‌ಸ್ಟ್ಯಾಂಡ್ ಸ್ಕ್ರುಟಿನಿ. ಬಲಗಡೆ ವಿಶೇಷಣಗಳು: ಕ್ಲೋಸ್, ಇಂಟೆನ್ಸ್, ಪಬ್ಲಿಕ್. ಕೆಳಗೆ ನನ್ನ ಕೆಲಸಕ್ಕೇ ಸಂಬಂಧಪಟ್ಟ ಒಂದು ವಾಕ್ಯ: "ದೀಸ್ ಫಿಗರ್ಸ್ ವಿಲ್ ನಾಟ್ ವಿತ್‌ಸ್ಟ್ಯಾಂಡ್ ಕ್ಲೋಸ್ ಸ್ಕ್ರುಟಿನಿ." ಈ ಒಂದು ಸಾಲನ್ನು ಕರಡುಗಳ ಅಂಚಿನಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅಂಕಿಗಳೂ ಹಾಗೇ ಇರುತ್ತವೆ ಬಿಡಿ. ಗಮನಿಸಿ, "ಡೂ ಸ್ಕ್ರುಟಿನಿ" ಅನ್ನೋದು ಪಟ್ಟಿಯಲ್ಲಿಲ್ಲ. ನಾವು ಪರಿಶೀಲನೆ "ಮಾಡುತ್ತೇವೆ", ಅದಕ್ಕೇ ಕೈ ತಾನಾಗಿ ಡೂ ಬರೆಯುತ್ತದೆ. ಎಡಗಡೆಯ ಸಾಲು ಅದನ್ನು ತಡೆಯಲಿಕ್ಕೇ ಇರೋದು.

ಓದಿನ ವಿಷಯ. ಪುಟಕ್ಕೆ ಮೂವತ್ತು ಸಲ ಅಂದರೆ ಅದು ಓದಲ್ಲ, ಶಿಕ್ಷೆ. ಪಾಲ್ ನೇಷನ್ ಮತ್ತು ಅವರ ಜೊತೆಯವರ ಸಂಶೋಧನೆ ಪ್ರಕಾರ, ಯಾರ ಸಹಾಯವೂ ಇಲ್ಲದೆ ಆರಾಮಾಗಿ ಓದಲು ಪಠ್ಯದ ಶೇ. 98ರಷ್ಟು ಪದ ಗೊತ್ತಿರಬೇಕು. ಅಂದರೆ ಐವತ್ತಕ್ಕೊಂದು ಅಪರಿಚಿತ. 300 ಪದದ ಪುಟದಲ್ಲಿ ಆರು. ಅಷ್ಟಿದ್ದರೆ ಸುತ್ತಲ ಮಾತಿನಿಂದ ಅರ್ಥ ಊಹಿಸಬಹುದು. ಮೂವತ್ತಿದ್ದರೆ ಊಹೆಗೆ ಆಧಾರವೇ ಇರೋದಿಲ್ಲ. ಕಾದಂಬರಿ, ಪತ್ರಿಕೆಗಳಲ್ಲಿ ಆ 98 ಮುಟ್ಟಲು ಎಂಟೊಂಬತ್ತು ಸಾವಿರ ಪದಕುಟುಂಬ ಬೇಕು ಅಂತ ನೇಷನ್ 2006ರಲ್ಲಿ ಲೆಕ್ಕ ಕೊಟ್ಟರು. ಹೆಲ್ಪ್, ಹೆಲ್ಪ್‌ಫುಲ್, ಹೆಲ್ಪ್‌ಲೆಸ್ ಸೇರಿ ಒಂದು ಕುಟುಂಬ, ಗಾಬರಿಯಾಗಬೇಡಿ. ಪುಸ್ತಕ ತಗೊಳ್ಳುವ ಮೊದಲು ನಡುವಿನ ಒಂದು ಪುಟ ತೆರೆದು ಎಣಿಸಿ. ಹತ್ತು ದಾಟಿದರೆ ವಾಪಸ್ ಇಡಿ, ಎಷ್ಟೇ ದೊಡ್ಡ ಹೆಸರಿನ ಪುಸ್ತಕ ಆಗಲಿ.

ಒಂದೇ ವಿಷಯದ ಮೇಲೆ ಸತತವಾಗಿ ಓದಿ ಅನ್ನೋದು ನನ್ನ ಸಲಹೆ. ಖಗೋಳವೋ, ಕ್ರಿಕೆಟ್ಟೋ, ತೆರಿಗೆಯೋ, ನಿಮ್ಮಿಷ್ಟ. ಅದೇ ಪದಗಳು ಮತ್ತೆ ಮತ್ತೆ ಎದುರಾಗುತ್ತವೆ, ಬೇರೆ ಬೇರೆ ಜೊತೆಗಾರರೊಂದಿಗೆ. ಇವತ್ತು ಖಗೋಳ, ನಾಳೆ ಅಡುಗೆ ಅಂತ ಹಾರಿದರೆ ಯಾವ ಪದವೂ ಎರಡನೇ ಸಲ ಸಿಗೋದಿಲ್ಲ.

ಒಂದು ಹೇಳೋದು ಬಿಟ್ಟಿದ್ದೆ. ಪದದ ಹದ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಆಳುವವರ ಭಾಷೆ ಫ್ರೆಂಚ್ ಆಯಿತು, ಚರ್ಚು ಮತ್ತು ವಿದ್ಯೆಯದ್ದು ಮೊದಲಿಂದ ಲ್ಯಾಟಿನ್. ಹೀಗಾಗಿ ಇಂಗ್ಲಿಷಿನಲ್ಲಿ ಒಂದೇ ಕೆಲಸಕ್ಕೆ ಎರಡು ಮೂರು ಅಂತಸ್ತಿನ ಪದ ಉಳಿದವು. ಆಸ್ಕ್ ಹಳೆಯ ಇಂಗ್ಲಿಷ್, ಕ್ವೆಶ್ಚನ್ ಫ್ರೆಂಚ್‌ನದು, ಇಂಟರೊಗೇಟ್ ಲ್ಯಾಟಿನ್‌ನದು. ಕನ್ನಡದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಬಾಯಾರಿದಾಗ ನೀರು ಕೇಳುತ್ತೇವೆ, ಜಲ ಅಲ್ಲ. ಆದರೆ ಜಲಾಶಯಕ್ಕೆ ನೀರಾಶಯ ಅನ್ನೋದಿಲ್ಲ. ಗೆಳೆಯನಿಗೆ ಬರೆಯುವ ಮೇಲ್‌ನಲ್ಲಿ "ಬಿಗಿನ್" ಬದಲು ಗತ್ತಿನ "ಕಮೆನ್ಸ್" ಅಂತ ಹಾಕುವ ಮುಂಚೆ ಈ ಜಲದ ನೆನಪಾಗಲಿ.

ಕಾರ್ಡ್‌ಕಟ್ಟು

ಹತ್ತು ದಾಟಿದರೆ ವಾಪಸ್ ಇಡಿ ಅನ್ನೋದಕ್ಕೆ ಸಣ್ಣ ತಕರಾರು. ಇ-ರೀಡರಿನಲ್ಲಿ ಪದ ಮುಟ್ಟಿದರೆ ಅರ್ಥ ಬರುತ್ತದೆ. ಅಲ್ಲಿ ಹದಿನೈದರವರೆಗೂ ತಡೆದುಕೊಳ್ಳಬಹುದು. ಆದರೆ ಮುಟ್ಟಿದ್ದೆಲ್ಲ ಕಾರ್ಡ್ ಆಗಬಾರದು. ಎರಡನೇ ಸಲ ಎದುರಾದ ಪದಕ್ಕೆ ಮಾತ್ರ ನಾನು ಕಾರ್ಡ್ ಮಾಡೋದು. ಒಂದು ಇಡೀ ಪುಸ್ತಕದಲ್ಲಿ ಒಂದೇ ಸಲ ಬಂದ ಪದ ನನಗೆ ಸದ್ಯಕ್ಕೆ ಬೇಕಿಲ್ಲ.

ಕಿವಿಮಾತು

ಎಲ್ಲ ಬರವಣಿಗೆ ಬಗ್ಗೆಯೇ ಆಯಿತು. ಕಣ್ಣಿನಲ್ಲೇ ಕಲಿತ ಪದ ಬಾಯಿಗೆ ಬಂದಾಗ ಬೇರೆಯೇ ತಮಾಷೆ. "ಎಪಿಟೋಮ್" ಅಂತ ಓದಿಕೊಂಡಿರುತ್ತಾರೆ, ಅದು ಎಪಿಟಮಿ. "ಹೈಪರ್‌ಬೋಲ್" ಅಲ್ಲ, ಹೈಪರ್ಬಲಿ. ಒತ್ತು ಬೀಳುವ ಜಾಗವೂ ಬದಲಾಗುತ್ತದೆ. ಫೋಟೊಗ್ರಾಫ್‌ನಲ್ಲಿ ಮೊದಲ ಉಚ್ಚಾರಾಂಶಕ್ಕೆ ಒತ್ತು, ಫೊಟಾಗ್ರಫಿಯಲ್ಲಿ ಎರಡನೆಯದಕ್ಕೆ. ಕಾರ್ಡಿಗೆ ಆಡಿಯೋ ಸೇರಿಸಿಕೊಳ್ಳಿ.

ಅರ್ಧಓದು

ಎಪಿಟಮಿ! ಇದು ಗೊತ್ತಿರಲಿಲ್ಲ. ಹಳೆಯ ಪಟ್ಟಿ ತೆಗೆದು ಖಾಲಿ ಬಿಟ್ಟ ವಾಕ್ಯಗಳನ್ನು ಶುರುಮಾಡಿದ್ದೇನೆ. ಕೊನೆಯ ಅನುಮಾನ. ಬ್ರಿಟಿಷ್ ಹಿಡಿಯಲೋ ಅಮೆರಿಕನ್ ಹಿಡಿಯಲೋ? ನನ್ನ ಮೇಲ್‌ಗಳು ಎರಡೂ ಕಡೆ ಹೋಗುತ್ತವೆ.

ಕೆಂಪುಪೆನ್ನು

ಕಾಗುಣಿತಕ್ಕೆ ಯಾವುದಾದರೂ ಒಂದು ಹಿಡಿದು ಅದಕ್ಕೇ ಅಂಟಿಕೊಳ್ಳಿ, ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ. ಅರ್ಥವೇ ತಿರುಗುಮುರುಗಾಗುವ ಕೆಲವು ಪದಗಳಲ್ಲಿ ಮಾತ್ರ ಹುಷಾರು. ಸಭೆಯಲ್ಲಿ ಒಂದು ವಿಷಯವನ್ನು "ಟೇಬಲ್" ಮಾಡೋದು ಅಂದರೆ ಬ್ರಿಟಿಷರಿಗೆ ಚರ್ಚೆಗೆ ಮುಂದಿಡೋದು, ಅಮೆರಿಕನ್ನರಿಗೆ ಚರ್ಚೆಯನ್ನೇ ಪಕ್ಕಕ್ಕಿಡೋದು. "ಕ್ವೈಟ್ ಗುಡ್" ಅಂತ ಅಮೆರಿಕದವರು ಬರೆದರೆ ಸಾಮಾನ್ಯವಾಗಿ ಹೊಗಳಿಕೆ, ಬ್ರಿಟಿಷರು ಬರೆದರೆ ಎಷ್ಟೋ ಸಲ "ಪರವಾಗಿಲ್ಲ" ಅಷ್ಟೇ. ಎರಡೂ ಕಡೆ ಹೋಗುವ ಮೇಲ್‌ನಲ್ಲಿ ಟೇಬಲ್ ಬೇಡವೇ ಬೇಡ. ಮುಂದಿಡೋದಾದರೆ "ಪುಟ್ ಫಾರ್ವರ್ಡ್", ಪಕ್ಕಕ್ಕಿಡೋದಾದರೆ "ಪೋಸ್ಟ್‌ಪೋನ್" ಅಂತಲೇ ಬರೆಯಿರಿ. ಹೊಸ ವಾಕ್ಯಗಳಲ್ಲಿ ಒಂದೆರಡು ಇಲ್ಲಿ ಹಾಕಿ, ನೋಡುತ್ತೇನೆ.